ನಂಬರು ನಮ್ಮದು, ವಿಮಾನ ಅವರದು

ವಾಯುಯಾನ ಇಲಾಖೆಯ ವಿಚಾರಣಾ ಕೊಠಡಿಯಲ್ಲಿ ಗಾಜಿನ ಹೂಜಿ ಇಡುವುದು ಮಾತಾಡಿ ಗಂಟಲು ಒಣಗಿದವರಿಗೆಂದು. ಆ ದಿನ ಮಾತು ಇನ್ನೂ ಗಂಟಲು ಒಣಗುವಷ್ಟು ನಡೆದಿರಲಿಲ್ಲ. ಅಷ್ಟರಲ್ಲೇ ತಮ್ಮನೆಂಬಾತ ಆ ಹೂಜಿಯನ್ನು ನೀರಿನ ಸಮೇತ ಎತ್ತಿ ಎದುರು ಕೂತಿದ್ದವನ ಕಿವಿಯ ಮೇಲೆ ಬಾರಿಸಿದ. ಹೂಜಿ ಒಡೆಯಿತು, ಕಿವಿ ಹರಿಯಿತು, ಹಿಡಿಯ ಚೂರೊಂದು ತಮ್ಮನ ಅಂಗೈಯೊಳಗೇ ಉಳಿಯಿತು. ನೀರು ಮಾತ್ರ ಯಾರ ಪಕ್ಷವನ್ನೂ ವಹಿಸದೆ ಎರಡೂ ಕಡೆಯವರ ಕಾಗದಗಳನ್ನು ಸಮನಾಗಿ ತೋಯಿಸಿತು.

ತಮ್ಮ ಎಂದರೆ ಅಕ್ಕನ ತಮ್ಮ. ಅಕ್ಕ ಎಂದರೆ ಒಂದೇ ವಿಮಾನ, ಒಂದೇ ಮಾರ್ಗ ಇದ್ದ ಪುಟ್ಟ ಕಂಪನಿಯ ಒಡತಿ. ನಿಲ್ದಾಣದಲ್ಲಿ ಕಸ ಗುಡಿಸುವವರಿಂದ ಹಿಡಿದು ಗೋಪುರದಲ್ಲಿ ಕೂತು ವಿಮಾನ ಇಳಿಸುವವರವರೆಗೆ ಎಲ್ಲರೂ, ಆಕೆಗಿಂತ ಹಿರಿಯರು ಕೂಡ, ಆಕೆಯನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮಾರ್ಗ, ಕಡಲಾಚೆಯ ದ್ವೀಪಕ್ಕೆ. ತಮ್ಮನೇ ಪೈಲಟ್, ಅಕ್ಕನ ಗಂಡ ಮ್ಯಾನೇಜರು. ಕಿವಿ ಹರಿದುಕೊಂಡವನು ದೊಡ್ಡ ಕಂಪನಿಯ ಪ್ರತಿನಿಧಿ. ಎಂಥ ಸೆಕೆಯಲ್ಲೂ ಕೋಟು ಬಿಚ್ಚದವನಾದ್ದರಿಂದ ಅವನಿಗೆ ಕೋಟು ಎಂದೇ ಹೆಸರು ಬಿದ್ದಿತ್ತು.

ಜಗಳದ ಮೂಲ ಹೀಗೆ. ಯಾವ ಕಂಪನಿ ಯಾವ ಊರಿಗೆ ಹಾರಬಹುದು ಎಂದು ಅಪ್ಪಣೆ ಕೊಡುವುದು ಸರ್ಕಾರ. ದ್ವೀಪಕ್ಕೆ ಒಬ್ಬರಿಗೆ ಮಾತ್ರ ಅಪ್ಪಣೆ, ಮತ್ತು ಅದು ಅಕ್ಕನ ಬಳಿ ಇತ್ತು. ದೊಡ್ಡ ಕಂಪನಿ ಹೋದ ಹಂಗಾಮಿನ ಕೊನೆಗೆ ಒಂದು ಒಪ್ಪಂದ ತಂದಿತು. ಇಂಥದಕ್ಕೆ ಕೋಡ್-ಷೇರ್ ಎನ್ನುತ್ತಾರೆ: ಟಿಕೆಟ್ಟಿನ ಮೇಲೆ ಅಕ್ಕನ ಕಂಪನಿಯ ನಂಬರು, ಆಕಾಶದಲ್ಲಿ ದೊಡ್ಡ ಕಂಪನಿಯ ವಿಮಾನ, ಬಂದ ಹಣದಲ್ಲಿ ಇಬ್ಬರಿಗೂ ಪಾಲು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದು ಮ್ಯಾನೇಜರು ಸಹಿ ಹಾಕಿಸಿದರು. ಅಕ್ಕನ ವಿಮಾನ ಶೆಡ್ಡಿನಲ್ಲಿ ನಿಂತಿತು. ಪ್ರತಿದಿನ ಬೆಳಿಗ್ಗೆ ನಿಲ್ದಾಣದ ದೊಡ್ಡ ಫಲಕದಲ್ಲಿ ಕಂಪನಿಯ ಹೆಸರು ಮಿನುಗುತ್ತಿತ್ತು. ಅಕ್ಕ, ತಮ್ಮ ಇಬ್ಬರೂ ಚಹಾ ಹಿಡಿದು ಅದನ್ನು ನೋಡುತ್ತ ನಿಲ್ಲುತ್ತಿದ್ದರು. ಹೆಸರು ಹಾರುತ್ತಿದ್ದರೆ ತಾವೂ ಹಾರುತ್ತಿದ್ದೇವೆ ಎಂದು ನಂಬಿದ್ದರು. ಹತ್ತಾರು ವರ್ಷ ಫಲಕದಲ್ಲಿ ಹೆಸರು ಕಾಣಲೆಂದೇ ದುಡಿದವರು ಮಾತ್ರ ಮಾಡಬಹುದಾದ ತಪ್ಪು ಅದು.

ವಿಚಾರಣೆಯಲ್ಲಿ ಕೋಟು ಮೃದುವಾಗಿ ಹೇಳಿದ್ದು ಇಷ್ಟೇ: "ಈ ಹಂಗಾಮಿನಲ್ಲಿ ಅವರು ತಮ್ಮ ಸ್ವಂತ ವಿಮಾನ ಒಂದು ಸಲಾನೂ ಹಾರಿಸಿಲ್ಲ. ಹಾರಿಸದ ಅಪ್ಪಣೆ ಸತ್ತ ಹಾಗೆ. ಅದನ್ನ ನಮಗೆ ಕೊಡಿ ಅಂತ ನಮ್ಮ ಅರ್ಜಿ."

"ನಮ್ಮ ನಂಬರಲ್ಲಿ ದಿನಾ ಹಾರ್ತಿದ್ದೀರಲ್ಲ" ಎಂದಳು ಅಕ್ಕ.

"ನಂಬರು ನಿಮ್ಮದೇ ಅಮ್ಮ. ವಿಮಾನ ನಮ್ಮದು. ನಿಮ್ಮ ಮ್ಯಾನೇಜರಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಅವರು ಹೇಳಿರಲಿಲ್ವಾ? ಹಾಂ, ಈಗ ಅವರು ನಮ್ಮವರು. ಇವತ್ತು ಬೆಳಿಗ್ಗೆಯಿಂದ."

ಮ್ಯಾನೇಜರು ಹೊಟ್ಟೆನೋವೆಂದು ವಿಚಾರಣೆಗೆ ಬಂದಿರಲಿಲ್ಲ. ಹೂಜಿ ಎದ್ದದ್ದು ಆ ಗಳಿಗೆಯಲ್ಲಿ.

ಇಲಾಖೆಯ ಪರಿಶೀಲಕರು ತೋಯ್ದ ನಿಯಮಪುಸ್ತಕವನ್ನು ಕೊಡವಿದರು. ಪಾಠ ಓದಿದ ಹಾಗೆ ಮಾತಾಡುತ್ತಿದ್ದುದರಿಂದ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಕೋಟು ಕುರ್ಚಿ ಸಮೇತ ನೆಲಕ್ಕುರುಳಿ ಕಿವಿ ಅದುಮಿಕೊಂಡಿದ್ದ. ಮೇಜು ದಾಟಿ ಬಂದ ತಮ್ಮ ಅವನ ಎದೆಯ ಮೇಲೆ ಮೊಣಕಾಲೂರಿದ್ದ. ಕಾವಲುಗಾರ ಪೊಲೀಸರನ್ನು ಕರೆಯಲು ಓಡಿದ. ಮೇಷ್ಟ್ರು ಇದೆಲ್ಲ ಪಕ್ಕದ ತರಗತಿಯ ಗದ್ದಲವೆಂಬಂತೆ ಮುಂದುವರಿಸಿದರು.

"ಹಂಗಾಮು ಮುಗಿಯೋದು ಇವತ್ತಿನ ಸೂರ್ಯಾಸ್ತಕ್ಕೆ. ಅಷ್ಟರೊಳಗೆ ಸ್ವಂತ ವಿಮಾನ, ಸ್ವಂತ ಪೈಲಟ್, ಹಣ ಕೊಟ್ಟು ಸ್ವಇಚ್ಛೆಯಿಂದ ಬಂದ ಕನಿಷ್ಠ ಒಬ್ಬ ಪ್ರಯಾಣಿಕ, ಕಂಪನಿಯ ನೌಕರ ಅಲ್ಲದವನು. ಇಷ್ಟಿದ್ದು ದ್ವೀಪದಲ್ಲಿ ಇಳಿದರೆ ಅಪ್ಪಣೆ ಉಳಿಯುತ್ತೆ. ಹಾರಿ ಅಂತ ನಾನು ಹೇಳ್ತಿಲ್ಲ. ನಿಯಮ ಓದ್ತಿದ್ದೀನಿ."

ಅಕ್ಕ ತಮ್ಮನ ಕಾಲರು ಹಿಡಿದೆಳೆದಳು. "ಏಳೋ. ಇವನನ್ನ ಆಮೇಲೆ ಬೇಕಾದರೂ ಕೊಲ್ಲಬಹುದು."

"ನಾನೂ ಬರ್ತೀನಿ. ನೋಡದೆ ಬರೆಯೋ ಹಾಗಿಲ್ಲ" ಎಂದು ಮೇಷ್ಟ್ರು ಚೀಲ ಹೆಗಲಿಗೇರಿಸಿದರು.

ಇಲಾಖೆಯ ಕಟ್ಟಡದಿಂದ ಶೆಡ್ಡಿಗೆ ಕಾರಿನಲ್ಲಿ ಹೆಚ್ಚು ದೂರವಿಲ್ಲ. ದಾರಿಯಲ್ಲಿ ಅಕ್ಕ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ಇನ್ನೊಂದು ಕೈಯಿಂದ ತಮ್ಮನ ಅಂಗೈಯೊಳಗಿನ ಗಾಜು ಕಿತ್ತಳು. ತಮ್ಮ ಕೂಗಲಿಲ್ಲ, ಕಾರಿನ ಬಾಗಿಲಿಗೆ ಒದ್ದ. ಮೇಷ್ಟ್ರು ಹಿಂದಿನ ಸೀಟಿನಿಂದ ಕೈ ಮುಂದೆ ಚಾಚಿದರು.

"ಹಿಸುಕಿ ನೋಡೋಣ. ಹಿಡಿತ ಇಲ್ಲದ ಕೈಗೆ ವಿಮಾನ ಕೊಡೋಕಾಗಲ್ಲ."

ತಮ್ಮ ಹಿಸುಕಿದ. ಮೇಷ್ಟ್ರ ಅಂಗಿಯ ತೋಳಿನ ತುದಿ ರಕ್ತದಿಂದ ಕೆಂಪಾಯಿತು, ಮುಖ ಬೆಳ್ಳಗಾಯಿತು. "ಸಾಕು, ಸಾಕು. ಹಿಡಿತ ಇದೆ."

ಶೆಡ್ಡಿನಲ್ಲಿ ವಿಮಾನ ಧೂಳು ಹೊದ್ದು ನಿಂತಿತ್ತು. ಅದರ ಮೂತಿಯ ಕೆಳಗೆ ಮ್ಯಾನೇಜರು ಒಂದು ಡಬ್ಬದ ಮೇಲೆ ಕೂತಿದ್ದರು. ಯೌವನದಲ್ಲಿ ಭಾರ ಎತ್ತುವ ಸ್ಪರ್ಧೆಗಳಲ್ಲಿ ಗೆದ್ದವರು. ಈಗ ಎತ್ತುವ ಅಭ್ಯಾಸ ಹೋಗಿ ಭಾರ ಮಾತ್ರ ಉಳಿದಿತ್ತು. ಹೊಟ್ಟೆನೋವಿನ ಲಕ್ಷಣ ಕಾಣಲಿಲ್ಲ.

"ಹೊಟ್ಟೆ ಹೇಗಿದೇರಿ?" ಎಂದಳು ಅಕ್ಕ.

"ನೋಡು, ಕೂತು ಮಾತಾಡೋಣ."

ವಿಮಾನದ ಬದಿಯ ಮುಚ್ಚಳವನ್ನು ತಮ್ಮ ತೆರೆದ. ಬ್ಯಾಟರಿ ಇರಬೇಕಾದ ಗೂಡು ಖಾಲಿ. "ಭಾವ, ಬ್ಯಾಟರಿ ಎಲ್ಲಿ?"

"ಇನ್ನೆಷ್ಟು ದಿನ ಈ ಡಕೋಟಾ ಹಾರಿಸ್ತೀಯೋ? ಅಲ್ಲಿ ನಿನಗೂ ಕೆಲಸ ಕೊಡಿಸ್ತೀನಿ ಅಂತ ಮಾತಾಡಿದ್ದೀನಿ. ನಿಮ್ಮಕ್ಕನಿಗೂ. ಮೂರು ಜನಕ್ಕೂ ಸಂಬಳ. ಇಷ್ಟು ವರ್ಷ ಪೆಟ್ರೋಲಿಗೆ ಹಾಕಿದ್ದು ಬಿಟ್ಟರೆ ನಮಗೇನು ಉಳಿದಿದೆ ಹೇಳು."

"ಭಾವ, ಬ್ಯಾಟರಿ."

"ನಾನು ಕೊಡಲ್ಲ."

ತಮ್ಮ ಹಾರಿದ್ದು ವಿಮಾನದಲ್ಲಲ್ಲ, ಭಾವನ ಮೇಲೆ. ಇಬ್ಬರೂ ರೆಕ್ಕೆಯ ಕೆಳಗೆ ಬಿದ್ದರು. ತಮ್ಮ ಭಾವನ ಬಾಯಿಗೆ ಹಣೆಯಿಂದ ಗುದ್ದಿದ. ಭಾವನ ತುಟಿ ಸೀಳಿತು, ಆದರೆ ತೂಕ ತೂಕವೇ. ಒಂದೇ ಮಗ್ಗುಲಿಗೆ ಹೊರಳಿ ಅವರು ಮೇಲಾದರು. ಮೊಣಕೈಯನ್ನು ಭಾವಮೈದುನನ ಗಂಟಲಿಗೆ ಕೊಟ್ಟು ಒತ್ತಿದರು. ತಮ್ಮನ ಹಿಮ್ಮಡಿಗಳು ನೆಲಕ್ಕೆ ಬಡಿದವು. ಮುಖ ನೇರಳೆಯಾಯಿತು.

"ಬಿಡ್ರಿ" ಎಂದಳು ಅಕ್ಕ.

ಅವರು ಬಿಡಲಿಲ್ಲ. ಬಿಡಬೇಕೆಂಬ ಮನಸ್ಸಿದ್ದಿರಲೂಬಹುದು. ಆದರೆ ಕೋಪ ಮನಸ್ಸಿನಿಂದ ಇಳಿದ ಮೇಲೂ ಕೈಯಿಂದ ತಡವಾಗಿ ಇಳಿಯುತ್ತದೆ.

"ಬಿಡು" ಎಂದಳು ಅಕ್ಕ. ಮದುವೆಯಾದಾಗಿನಿಂದ ಗಂಡನಿಗೆ ಬಹುವಚನ ತಪ್ಪಿಸದವಳು.

ವಿಮಾನವನ್ನು ಶೆಡ್ಡಿನಿಂದ ಹೊರಗೆಳೆಯಲು ಕಬ್ಬಿಣದ ಉದ್ದ ಸರಳೊಂದಿರುತ್ತದೆ, ತುದಿಯಲ್ಲಿ ಕೊಕ್ಕೆ. ಅಕ್ಕ ಅದನ್ನು ಗೋಡೆಯಿಂದ ಇಳಿಸಿದಳು, ಎರಡೂ ಕೈಯಲ್ಲಿ ಹಿಡಿದಳು, ಗಂಡನ ಮೊಣಕಾಲಿನ ಕೆಳಗೆ ಇಳಿಸಿದಳು. ಒಣಗಿದ ಕೊಂಬೆ ಮುರಿದ ಸದ್ದು ಬಂತು. ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದವು. ಕೋಲು ಮುರಿಯಲಿಲ್ಲ.

ಮ್ಯಾನೇಜರು ಕಿರುಚಿದ್ದು ರನ್‌ವೇಯ ಆ ತುದಿಯವರೆಗೂ ಕೇಳಿಸಿರಬೇಕು. ಪಕ್ಕಕ್ಕೆ ಉರುಳಿದ ತಮ್ಮ ಕೆಮ್ಮಿ ರಕ್ತ ಉಗುಳಿದ. ಮೇಷ್ಟ್ರು ವಿಮಾನದ ಸುತ್ತ ಹೋಗಿ ಚಕ್ರದ ಗಾಳಿ ಒತ್ತಿ ನೋಡುತ್ತಿದ್ದರು.

"ಸಾರ್, ನೀವು ನೋಡಿದ್ರಲ್ಲ! ನನ್ನ ಕಾಲು ಮುರಿದಳು" ಎಂದರು ಮ್ಯಾನೇಜರು.

"ಕಾಲು ಪೊಲೀಸರ ಇಲಾಖೆ. ನಾನು ಟೈರು ನೋಡ್ತಿದ್ದೆ."

ಅಕ್ಕ ಗಂಡನ ಜೇಬಿನಿಂದ ಕಾರಿನ ಕೀ ತೆಗೆದಳು. ಬ್ಯಾಟರಿ ಅವರ ಕಾರಿನ ಡಿಕ್ಕಿಯಲ್ಲಿ ಹಳೇ ಹೊದಿಕೆಯೊಳಗೆ ಸಿಕ್ಕಿತು. "ಇದನ್ನ ಕೂಡಿಸಿ, ಎಂಜಿನ್ ನೋಡಿಕೋ. ನಾನು ಒಬ್ಬ ಪ್ರಯಾಣಿಕನ್ನ ತರ್ತೀನಿ" ಎಂದು ತಮ್ಮನಿಗೆ ಹೇಳಿ ನಿಲ್ದಾಣದ ಕಡೆ ಓಡಿದಳು.

ನಿಲ್ದಾಣದ ಹಾಲಿನಲ್ಲಿ ದ್ವೀಪಕ್ಕೆ ಹೋಗುವವರು ಬೇಕಾದಷ್ಟಿದ್ದರು. ಎಲ್ಲರ ಕೈಯಲ್ಲೂ ಅಕ್ಕನ ಕಂಪನಿಯ ನಂಬರಿನ ಟಿಕೆಟ್ಟೇ. ಒಪ್ಪಂದದ ಪ್ರಕಾರ ಕೌಂಟರು ದೊಡ್ಡ ಕಂಪನಿಯ ವಶದಲ್ಲಿತ್ತು. ಆ ನಂಬರು ಕೇಳಿದವರನ್ನೆಲ್ಲ ಕಂಪ್ಯೂಟರು ದೊಡ್ಡ ವಿಮಾನಕ್ಕೇ ದಾಟಿಸುತ್ತಿತ್ತು. ಅಕ್ಕ ಸಾಲಿನ ಉದ್ದಕ್ಕೂ ಕೇಳುತ್ತ ಹೋದಳು: "ದ್ವೀಪಕ್ಕಾ? ನಮ್ಮ ವಿಮಾನದಲ್ಲಿ ಬನ್ನಿ. ಈಗಲೇ ಹೊರಡುತ್ತೆ. ಒಬ್ಬರಾದರೂ ಬನ್ನಿ."

ತಮ್ಮನ ರಕ್ತ ಅವಳ ಮೈಮೇಲಿತ್ತು. ಜನ ಮಕ್ಕಳನ್ನು ಹಿಂದಕ್ಕೆಳೆದುಕೊಂಡರು.

"ಚಿಕ್ಕ ವಿಮಾನ ಆಗಿ ಬರಲ್ಲಮ್ಮ, ತಲೆ ತಿರುಗುತ್ತೆ" ಎಂದಳು ಒಬ್ಬ ಮುದುಕಿ, ಕನಿಕರದಿಂದ. "ನಿಮಗೆ ಯಾರಮ್ಮ ಹೊಡೆದದ್ದು? ಗಂಡನಾ?"

"ಇಲ್ಲ ಅಜ್ಜಿ, ನಾನೇ ಗಂಡನಿಗೆ ಹೊಡೆದೆ."

"ಹಾಗಾದರೆ ಸರಿ" ಎಂದಳು ಮುದುಕಿ. ಆದರೂ ಬರಲಿಲ್ಲ.

ದೊಡ್ಡ ಕಂಪನಿಯ ಕಾವಲಿನವರಿಬ್ಬರು ಬಂದರು. ಒಬ್ಬ ಅಕ್ಕನ ತೋಳನ್ನು ಬೆನ್ನಿಗೆ ತಿರುಚಿದ. ಅಕ್ಕ ಅವನ ಪಾದದ ಮೇಲೆ ಹಿಮ್ಮಡಿಯಿಂದ ತುಳಿದಳು. ಇನ್ನೊಬ್ಬ ಕೈ ಹಿಂದೆಗೆದು ಬಾಯಿಗೆ ಬಿಟ್ಟ. ಅವಳು ಗಾಜಿನ ಬಾಗಿಲಿಗೆ ತಗುಲಿ ಹೊರಗೆ ಬಿದ್ದಳು. ಎದ್ದಾಗ ನಾಲಿಗೆಗೆ ಮುಂದಿನ ಹಲ್ಲೊಂದು ಸಿಗಲಿಲ್ಲ. ಹುಡುಕಲು ಹೊತ್ತಿರಲಿಲ್ಲ. ಸೂರ್ಯ ಕಡಲಿನ ಕಡೆ ವಾಲಿದ್ದ.

ಶೆಡ್ಡಿಗೆ ಬಂದಾಗ ಎಂಜಿನ್ ಶುರುವಾಗಿತ್ತು. ಮ್ಯಾನೇಜರು ಗೋಡೆಗೊರಗಿ ಕಾಲು ಚಾಚಿ ಫೋನಿನಲ್ಲಿದ್ದರು. ಎರಡೂ ಕೈಯಲ್ಲಿ ಮೊಣಕಾಲು ಅದುಮಿ ಹಿಡಿದಿದ್ದರಿಂದ ಫೋನು ನೆಲದ ಮೇಲಿತ್ತು, ಧ್ವನಿ ಎಲ್ಲರಿಗೂ ಕೇಳಿಸುತ್ತಿತ್ತು.

"ಕಾಲು ಮುರಿದಿದೆ ಸಾರ್. ಆಂಬುಲೆನ್ಸು ಕಳಿಸಿ. ರಕ್ತ ಬರ್ತಿದೆ."

"ಬ್ಯಾಟರಿ ಎಲ್ಲಿ?" ಎಂದಿತು ಕೋಟಿನ ಧ್ವನಿ.

"ತಗೊಂಡರು ಸಾರ್. ಕಾಲು..."

"ಒಂದು ಬ್ಯಾಟರಿ ಕಾಯೋಕಾಗಲಿಲ್ವೇನಯ್ಯ ನಿನಗೆ?" ಎಂದ ಕೋಟು. ಫೋನು ಕಟ್ಟಾಯಿತು.

ಮ್ಯಾನೇಜರು ಫೋನನ್ನೇ ನೋಡುತ್ತ ಕೂತರು. ಉಂಡ ಮನೆಯ ಜಂತೆ ಎಣಿಸಿದವರಿಗೆ ಹೊಸ ಮನೆಯ ಜಂತೆ ತಲೆಯ ಮೇಲೇ ಬಿದ್ದಿತ್ತು.

ಅಕ್ಕ ಬಾಯಿ ಒರೆಸಿಕೊಂಡು ಮೇಷ್ಟ್ರ ಕಡೆ ತಿರುಗಿದಳು. "ಸಾರ್, ಇವರು ಬೆಳಿಗ್ಗೆ ರಾಜೀನಾಮೆ ಕೊಟ್ಟಿದ್ದಾರೆ, ಅಲ್ವಾ?"

"ಇಲಾಖೆಗೂ ತಿಳಿಸಿದ್ದಾರೆ. ಕ್ರಮಬದ್ಧವಾಗಿದೆ."

"ಅಂದ್ರೆ ಇವರು ನಮ್ಮ ನೌಕರ ಅಲ್ಲ."

ಮೇಷ್ಟ್ರು ಪುಸ್ತಕ ತೆಗೆಯಲಿಲ್ಲ, ಕಣ್ಣು ಮುಚ್ಚಿ ಯೋಚಿಸಿದರು. "ಗಂಡ ಅನ್ನೋದು ಸಂಬಂಧ, ಹುದ್ದೆ ಅಲ್ಲ. ನಿಯಮಕ್ಕೆ ಇವರು ಸಾರ್ವಜನಿಕರೇ. ಆದರೆ ಹಣ ಅವರ ಕೈಯಿಂದಲೇ ಬರಬೇಕು. ಇಳಿದ ಮೇಲೆ ನಾನು ಕೇಳ್ತೀನಿ, ಸ್ವಇಚ್ಛೆಯಿಂದ ಬಂದ್ರಾ ಅಂತ. ಇಲ್ಲ ಅಂದರೆ ಇಲ್ಲ ಅಂತಲೇ ಬರೀತೀನಿ."

ಅಕ್ಕ ಗಂಡನ ಎದುರು ಕುಕ್ಕರುಗಾಲಿನಲ್ಲಿ ಕೂತಳು. "ಕೇಳಿಸ್ತಾ?"

"ಕಾಲು ಮುರಿದು ಟಿಕೆಟ್ ಮಾರ್ತೀಯಾ?" ಎಂದರು ಮ್ಯಾನೇಜರು. ಸೀಳಿದ ತುಟಿಯಲ್ಲಿ ನಗು ಬಂದಂತಾಗಿ ನೋವಿಗೆ ಹಿಂದೆ ಸರಿಯಿತು. "ನಿನ್ನ ಹಲ್ಲೆಲ್ಲಿ?"

"ನಿಮ್ಮ ಹೊಸ ಕಂಪನಿಯವರು ಇಟ್ಟುಕೊಂಡರು."

ಅವರು ಆ ಸಂದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒದ್ದಾಡಿ ಹಿಂದಿನ ಜೇಬಿನಿಂದ ಪರ್ಸು ಎಳೆದು, ನೋಟು ತೆಗೆದು ಹೆಂಡತಿಯ ಕೈಯಲ್ಲಿಟ್ಟರು. "ಕಿಟಕಿ ಪಕ್ಕ ಕೊಡು."

ಅವರನ್ನು ಎತ್ತಿ ವಿಮಾನಕ್ಕೆ ಹತ್ತಿಸುವುದೇ ಒಂದು ಯುದ್ಧವಾಯಿತು. ಅಕ್ಕ ಕಂಕುಳಿಗೆ ಕೈಕೊಟ್ಟಳು, ಮೇಷ್ಟ್ರು "ಇದು ಪರಿಶೀಲನೆಯ ಭಾಗ ಅಲ್ಲ" ಎನ್ನುತ್ತಲೇ ಸೊಂಟ ಹಿಡಿದರು. ಅರ್ಧ ಒಳಗಾಗಿದ್ದಾಗ ಕೋಟಿನ ಕಾರು ಬಂದು ನಿಂತಿತು. ತಲೆಗೆ ಬಟ್ಟೆ ಸುತ್ತಿಕೊಂಡ ಕೋಟು, ಅದೇ ಇಬ್ಬರು ಕಾವಲಿನವರು. ಎಂಜಿನ್ನಿನ ಗಾಳಿಗೆ ಅವನ ಕೋಟು ಬೆನ್ನಿಂದ ಎದ್ದು ನಿಂತಿತ್ತು.

"ಇಳೀರಿ ಮ್ಯಾನೇಜರೇ. ನೀವು ನಮ್ಮ ನೌಕರರು" ಎಂದು ಕೂಗಿದ ಕೋಟು. ಮ್ಯಾನೇಜರು ಇಳಿಯಲಿಲ್ಲ. ಕೋಟು ಬಾಗಿಲಿಗೆ ಬಂದು, ಹೊರಗಿದ್ದ ಕಾಲನ್ನು ಹಿಡಿದು ಎಳೆದ. ಅದು ಮುರಿದ ಕಾಲು.

ಮ್ಯಾನೇಜರ ಬಾಯಿಂದ ಬಂದ ಸದ್ದಿಗೆ ಕಾವಲಿನವರು ಕೂಡ ನಿಂತುಬಿಟ್ಟರು. ಕೋಟು ಇನ್ನೊಮ್ಮೆ ಎಳೆದ. ಕಾಲು ಇರಬಾರದ ಕಡೆ ಬಾಗಿತು. ಆಗ ಮ್ಯಾನೇಜರು ಬಾಗಿಲಿನ ಎರಡೂ ಚೌಕಟ್ಟು ಹಿಡಿದು, ಭಾರ ಎತ್ತುವ ದಿನಗಳ ಉಸಿರೊಂದನ್ನು ಎಳೆದುಕೊಂಡು, ಒಳ್ಳೆಯ ಕಾಲನ್ನು ಕೋಟಿನ ಮುಖಕ್ಕೆ ಇಟ್ಟರು. ಮೂಗು ಚಪ್ಪಟೆಯಾಯಿತು. ಕೋಟು ಹಿಂದಕ್ಕೆ ಹೋಗಿ ಬಿದ್ದಲ್ಲಿ ವಿಮಾನದ ಮೂತಿಯಲ್ಲಿ ತಿರುಗುತ್ತಿದ್ದ ಫ್ಯಾನಿಗೂ ಅವನ ತಲೆಗೂ ನಡುವೆ ಒಂದು ಮೊಳ ಉಳಿದಿತ್ತು. ಅದು ಯಾರ ಲೆಕ್ಕಾಚಾರವೂ ಅಲ್ಲ. ಕಾವಲಿನವರು ಅವನನ್ನು ಕಾಲು ಹಿಡಿದೇ ಎಳೆದುಕೊಂಡರು. ಅಕ್ಕ ಬಾಗಿಲು ಹಾಕಿದಳು.

ತಮ್ಮ ಒಂದು ಕೈಯಲ್ಲಿ ಹಾರಿಸಿದ. ಇನ್ನೊಂದು ಕೈ ಹಿಡಿಕೆಗೆ ಅಂಟಿಕೊಂಡಿತ್ತು, ರಕ್ತ ಒಣಗಿ. ಕಡಲಿನ ಮೇಲೆ ವಿಮಾನ ಕುಲುಕಿದಾಗಲೆಲ್ಲ ಹಿಂದಿನಿಂದ ಬೈಗುಳ ಬರುತ್ತಿತ್ತು. ಬೈಗುಳ ನಿಂತಾಗ ಅಕ್ಕ ತಿರುಗಿ ಗಂಡನ ಕೆನ್ನೆಗೆ ಹೊಡೆಯುತ್ತಿದ್ದಳು. ಎಚ್ಚರ ತಪ್ಪಿದ ಪ್ರಯಾಣಿಕನಿಂದ ಏನು ಹೇಳಿಸುವುದು?

ದ್ವೀಪದಲ್ಲಿ ಇಳಿದಾಗ ಸೂರ್ಯನ ಮೇಲಂಚು ನೀರಿನ ಮೇಲೆ ಇನ್ನೂ ಇತ್ತು. ರನ್‌ವೇಯ ಪಕ್ಕದಲ್ಲಿ ಇಬ್ಬರು ಪೊಲೀಸರು ಕಾಯುತ್ತಿದ್ದರು. ಹೂಜಿಯ ಪ್ರಕರಣ ಯಾವ ಠಾಣೆಯದೆಂದು ಅತ್ತ ಕಡೆಯ ಪೊಲೀಸರು ಜಗಳವಾಡಿ, ಕೊನೆಗೆ ಇತ್ತ ಫೋನು ಮಾಡಿದ್ದರು. ಇವರು ಸಭ್ಯರು, ಎಂಜಿನ್ ಆರುವವರೆಗೆ ನಿಂತು, ತಮ್ಮ ಕೆಳಗಿಳಿದ ಮೇಲೆ ಬೇಡಿ ಹಾಕಿದರು.

"ಮೊದಲು ಕೈ ಹೊಲಿಸಿ" ಎಂದ ತಮ್ಮ.

"ಹೊಲಿಸೋಣ. ಆಮೇಲೆ ಬೇಡಿ ಬದಲಾಯಿಸೋಣ, ಇದು ಬಿಗಿ" ಎಂದ ಒಬ್ಬ.

ಮೇಷ್ಟ್ರು ಮ್ಯಾನೇಜರ ಸೀಟಿನ ಪಕ್ಕ ಬಗ್ಗಿದರು. "ಹಣ ಕೊಟ್ಟು ಬಂದ್ರಿ. ಅದು ನೋಡಿದೆ. ಸ್ವಇಚ್ಛೆಯಿಂದ ಬಂದ್ರಾ?"

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬೇಡಲಿಲ್ಲ. ಇಲ್ಲ ಎಂಬ ಒಂದು ಮಾತು ಸಾಕಿತ್ತು: ಅಪ್ಪಣೆ ಹೋಗುತ್ತಿತ್ತು, ಕಾಲು ಮುರಿದವಳು ತಮ್ಮನ ಹಿಂದೆಯೇ ಜೈಲಿಗೆ ಹೋಗುತ್ತಿದ್ದಳು. ಇದು ಮೂವರಿಗೂ ಗೊತ್ತಿತ್ತು.

"ಹೌದು ಅಂದ್ರೆ ನಾಳೆಯಿಂದ ನನ್ನ ಕೆಲಸ ಏನು?" ಎಂದರು ಮ್ಯಾನೇಜರು, ಹೆಂಡತಿಗೆ.

"ಕೆಲಸ ಇಲ್ಲ. ಮನೆ ಇದೆ."

"ಮನೇಲಿ ಆ ಕಬ್ಬಿಣದ ಸರಳು ಇರಲ್ಲ ತಾನೆ?"

"ಅದು ಶೆಡ್ಡಿನದು."

ಮ್ಯಾನೇಜರು ಕಣ್ಣು ಮುಚ್ಚಿದರು. ಅಕ್ಕ ಕೆನ್ನೆಗೆ ಹೊಡೆಯಲು ಕೈ ಎತ್ತಿದಳು. "ಹೊಡೀಬೇಡ ಮಾರಾಯ್ತಿ, ಎಚ್ಚರ ಇದ್ದೀನಿ" ಎಂದರು ಅವರು. "ಬರ್ಕೊಳ್ಳಿ ಸಾರ್. ಇಷ್ಟಪಟ್ಟೇ ಬಂದೆ."

ಮೇಷ್ಟ್ರು ಸಹಿ ಹಾಕಿದರು. "ಮಾರ್ಗ ನಿಮ್ಮದೇ. ಮುಂದಿನ ಹಂಗಾಮಿನ ಕೊನೆಯವರೆಗೆ."

ದ್ವೀಪದಲ್ಲಿ ಮೂಳೆಯ ಆಸ್ಪತ್ರೆ ಇಲ್ಲ. ಅಕ್ಕನ ಪೈಲಟ್ ಬೇಡಿಯಲ್ಲಿದ್ದುದರಿಂದ ಕಡಲಾಚೆಗೆ ಮರಳುವುದು ದೊಡ್ಡ ಕಂಪನಿಯ ವಿಮಾನ ಒಂದೇ. ಅದು ಎದುರಿಗೇ ನಿಂತಿತ್ತು, ಜನ ಹತ್ತಿ ಕೂತಿದ್ದರು, ಎಲ್ಲರ ಟಿಕೆಟ್ಟಿನಲ್ಲೂ ಅಕ್ಕನ ನಂಬರು. ಸ್ಟ್ರೆಚರಿನವರು ಮ್ಯಾನೇಜರನ್ನು ಅದರ ಕಡೆಗೇ ಹೊತ್ತು ನಡೆದರು.

"ಸಾರ್, ನನ್ನ ನಂಬರು ಕೊಡಲ್ಲ ಅಂತ ನಾನು ಈಗಲೇ ಹೇಳಬಹುದಾ?" ಎಂದಳು ಅಕ್ಕ.

"ಅಪ್ಪಣೆ ಇರುವವರು ಬೇಡ ಅಂದರೆ ಬೇಡ. ಆ ಗಳಿಗೆಯಿಂದ ಅದು ಹಾರೋ ಹಾಗಿಲ್ಲ."

ಅಕ್ಕ ಸ್ಟ್ರೆಚರನ್ನು ದಾಟಿ ನಡೆದಳು. ಗಂಡನಿಗೆ ಅವಳ ನಡಿಗೆಯಲ್ಲೇ ಅರ್ಥವಾಯಿತು.

"ಲೇ, ನನ್ನ ಕಾಲು!" ಎಂದರು.

"ಈ ಊರಲ್ಲೂ ಡಾಕ್ಟರಿದ್ದಾರೆ" ಎಂದಳು, ತಿರುಗದೆ. ಆ ಡಾಕ್ಟರು ಹೆರಿಗೆಯವರು ಎಂಬುದು ಅವಳಿಗೂ ಗೊತ್ತಿತ್ತು.

ದೊಡ್ಡ ವಿಮಾನದ ಮೂತಿಯ ಕೆಳಗೆ ನಿಂತು ಎರಡೂ ಕೈ ಎತ್ತಿದಳು. ಮೇಲಿನ ಕಿಟಕಿಯಿಂದ ಪೈಲಟ್ ಬಗ್ಗಿ ನೋಡಿದ. "ಯಾರಮ್ಮ ನೀವು?"

"ಈ ದಾರಿ ನನ್ನದು. ಇವತ್ತಿಂದ ನೀವು ಹಾರಲ್ಲ. ಜನರನ್ನ ಇಳಿಸಿ."

ಮೇಷ್ಟ್ರು ಹಿಂದಿನಿಂದ ಕಾಗದ ಎತ್ತಿ ತೋರಿಸಿದರು. ಒಳಗೆ ಪ್ರಕಟಣೆ ಕೇಳಿಸಿತು, ಆಮೇಲೆ ಒಂದು ಗೊಣಗು, ಆಮೇಲೆ ಕೂಗು. ಬಾಗಿಲಿನಿಂದ ನೀರಿನ ಬಾಟಲಿಯೊಂದು ಬಂದು ಅಕ್ಕನ ಹುಬ್ಬಿಗೆ ಬಿತ್ತು. ಅವಳು ಕದಲಲಿಲ್ಲ. ಪೊಲೀಸರ ನಡುವಿನಿಂದ ತಮ್ಮ, "ಅಕ್ಕ, ಇತ್ತ ಬಾ" ಎಂದು ಕರೆದ. ಮೆಟ್ಟಿಲಿಳಿಯುತ್ತಿದ್ದವರ ಸಂಖ್ಯೆ ಪೊಲೀಸರಿಗಿಂತ ಬಹಳ ಹೆಚ್ಚಿತ್ತು. ಅಕ್ಕ ತೋಳು ಮೇಲಕ್ಕೆ ಮಡಚಿಕೊಂಡಳು.

ಎಲ್ಲರಿಗಿಂತ ಮೊದಲು ಇಳಿದವನ ಕೈಯಲ್ಲಿ ಒಂದು ಕೊಡೆ ಇತ್ತು. ಅದನ್ನು ಮಡಚಿಯೇ ಹಿಡಿದಿದ್ದ, ತಲೆಕೆಳಗಾಗಿ. ಮಳೆ ಬರುವ ಲಕ್ಷಣವೇನೂ ಇರಲಿಲ್ಲ.